ದರ್ಜಿ ಎಲೀಹಿಯೊನ ಮೀಟರ್ ಚಳವಳಿ

ದರ್ಜಿ ಎಲೀಹಿಯೊನ ರಕ್ತದೊತ್ತಡಕ್ಕೆ ಕಾರಣ ಅವನ ಮನೆಯ ಗೋಡೆಯ ಮೇಲೇ ಇತ್ತು. ಗಾಜಿಗೆ ಧೂಳು ಮೆತ್ತಿ, ಒಳಗೆ ಜೇಡ ಸಂಸಾರ ಹೂಡಿದ್ದ ಹಳೆಯ ಕರೆಂಟ್ ಮೀಟರ್ ಅದು. ಅದನ್ನು ಓದಲು ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಕಂಪನಿಯವರು ಫ್ಯಾನಿನ ಕೆಳಗೆ ಕೂತು ಅಂದಾಜಿನಲ್ಲಿ ಬಿಲ್ ಬರೆದು ಕಳಿಸುತ್ತಿದ್ದರು. ಈಸ್ಟರ್‌ಗೆಂದು ಗಂಡ ಹೆಂಡತಿ ಮನೆಗೆ ಬೀಗ ಹಾಕಿ, ಮಗಳ ಊರಿಗೆ ಹೋಗಿ, ಒಂದು ತಿಂಗಳಿದ್ದು ಬಂದರೆ ಬಿಲ್ಲು ಮೊದಲಿಗಿಂತ ಮೈ ತುಂಬಿಕೊಂಡು ಕಾದಿತ್ತು.

“ಬೀಗ ಹಾಕಿದ್ ಮನೇಲಿ ಕರೆಂಟ್ ಸುಟ್ಟಿದ್ದು ಯಾರಮ್ಮಾ? ದೆವ್ವಾನಾ?” ಎಂದು ಅವನು ಕಂಪನಿಯ ಕಿಟಕಿಯ ಮುಂದೆ ಕೂಗಾಡಿದ್ದ. ಒಳಗಿದ್ದವಳು ಉಗುರಿನ ಬಣ್ಣಕ್ಕೆ ಉಫ್ ಎಂದು ಗಾಳಿ ಊದುತ್ತ, “ಅದು ಸರಾಸರಿ, ಸಾರ್” ಎಂದಿದ್ದಳು.

ಹಾಗಾಗಿ ಅಂದು ಬೆಳಿಗ್ಗೆ ಕಂಪನಿಯ ಲೈನ್‌ಮನ್‌ಗಳು ಸ್ಮಾರ್ಟ್ ಮೀಟರ್ ಹೊತ್ತು ಓಣಿಗೆ ಬಂದಾಗ, ಎಲ್ಲರೂ ಬಾಗಿಲು ಹಾಕಿಕೊಂಡರೂ ಎಲೀಹಿಯೊ ಮಾತ್ರ ಕುರ್ಚಿ ತಂದು ಕೊಟ್ಟ. “ಹಾಕ್ರಪ್ಪಾ. ಬಳಸಿದ್ದಕ್ಕೆ ಬಿಲ್ಲು ಬಂದ್ರೆ ನನಗ್ಯಾಕೆ ಬೇಜಾರು?” ಹೊಸ ಮೀಟರ್ ಗೋಡೆಯ ಮೇಲೆ ಕೂತು ಕೆಂಪು ಕಣ್ಣು ಮಿಟುಕಿಸಿತು. ಎಲೀಹಿಯೊ ಅದನ್ನು ತೊಟ್ಟಿಲ ಕೂಸಿನಂತೆ ನೋಡುತ್ತ ನಿಂತ. ಲೈನ್‌ಮನ್‌ಗಳು ಇನ್ನಷ್ಟು ಮೀಟರ್ ತರಲು ಹೋದರು.

ಅವರು ಬೆನ್ನು ತಿರುಗಿಸಿದ್ದೇ ತಡ, ಮೂಲೆ ಅಂಗಡಿಯ ನೆರೇಯ್ದಾ ಸೆರಗಿಲ್ಲದ ಸುಂಟರಗಾಳಿಯಂತೆ ನುಗ್ಗಿದಳು. ಇಡೀ ಓಣಿಗೆ ಅಕ್ಕಿ, ಬೀನ್ಸು, ಸಾಲ, ಸುದ್ದಿ ಎಲ್ಲವನ್ನೂ ಒದಗಿಸುವವಳು ಅವಳೇ.

“ಇದೇನ್ ಮಾಸ್ಟ್ರೇ, ಬಾಗಿಲಿಗೇ ಗೂಢಚಾರನ್ನ ಕೂರಿಸ್ಕೊಂಡಿದೀರಿ!”

ಅವಳ ಹಿಂದೆಯೇ ಡಾಮಿನೋ ಆಟ ಬಿಟ್ಟು ನಿವೃತ್ತ ಸಾರ್ಜೆಂಟ್ ಕೊನ್ಫೆಸೋರ್ ಬಂದ. “ನನ್ ಭಾವಮೈದನ ಓಣೀಲಿ ಹಾಕಿದಾರೆ ಕಣಯ್ಯ. ಮಿಂಚುಹುಳ ಒಳಗೆ ಬಂದ್ರೆ ಅದಕ್ಕೂ ಲೆಕ್ಕ ಹಾಕತ್ತಂತೆ! ಆಫೀಸಲ್ಲಿ ಕೂತು ಗುಂಡಿ ಒತ್ತಿದ್ರೆ ಸಾಕು, ನಿಮ್ಮನೆ ಕತ್ಲೆ!”

“ನಿಮಗ್ಯಾಕೆ ಸಾರ್ಜೆಂಟ್ರೇ ಲೆಕ್ಕದ ಚಿಂತೆ? ನಿಮ್ಮನೆ ತಂತಿ ಮೀಟರ್ ಮುಖಾನೇ ನೋಡಿಲ್ಲ. ಸೀದಾ ಕಂಬಕ್ಕೇ ಹೋಗಿದೆ,” ಎಂದ ಎಲೀಹಿಯೊ.

ಡಾಮಿನೋ ಗೆಳೆಯರು ಕಿಸಕ್ಕೆಂದರು. ಸಾರ್ಜೆಂಟನ ಮೀಸೆ ನೆಟ್ಟಗಾಯಿತು. “ಏಯ್, ಬಡವರ ಹೊಟ್ಟೆ ಮೇಲೆ ಹೊಡೀತೀಯಾ? ಕಂಪನಿ ಏಜೆಂಟು ನೀನು!”

ಆ ಮಾತು ಒಲೆಯಿಂದೊಲೆಗೆ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಓಣಿಯ ಬಾಯಲ್ಲಿ ಟಯರ್ ಹೊತ್ತಿ ಉರಿಯುತ್ತಿತ್ತು. ಹೆಂಗಸರು ಪಾತ್ರೆ ಬಡಿಯುತ್ತಿದ್ದರು. ನೆರೇಯ್ದಾ ಅಂಗಡಿಯ ದೊಡ್ಡ ಸ್ಪೀಕರಿನಲ್ಲಿ ಹಾಡು ನಿಲ್ಲಿಸಿ ಭಾಷಣ ಶುರು ಮಾಡಿದಳು: “ಇವತ್ತು ಒಂದ್ ಮನೆಗೆ ಬಂದಿದ್ದು ನಾಳೆ ಎಲ್ಲರ ಮನೆಗೂ ಬರತ್ತೆ! ಮೊದ್ಲು ಮಾಸ್ಟ್ರ ಮನೇದು ಕೀಳ್ರಿ!”

ಇಕ್ಕಳ, ಸುತ್ತಿಗೆ ಹಿಡಿದು ಜನ ಅಂಗಳಕ್ಕೆ ನುಗ್ಗಿದರು. ಹೆಂಡತಿ ಫಿದೆಲಿನಾ ಬೇಡಿಕೊಂಡಳು: “ರೀ, ಕೊಟ್ಟು ಕೈ ತೊಳ್ಕೊಳ್ಳಿ. ನಾಳೆಯಿಂದ ಅಂಗಡೀಲಿ ನಮಗೆ ಬಾಳೆಕಾಯಿನೂ ಹುಟ್ಟಲ್ಲ.”

“ಸುಮ್ನಿರೇ! ಕಳ್ಳತನ ಮಾಡೋರಿಗಿಲ್ಲದ ನಾಚಿಕೆ ನನಗ್ಯಾಕೆ?” ಎನ್ನುತ್ತ ಎಲೀಹಿಯೊ ಕುರ್ಚಿಯ ಮೇಲೆ ಹತ್ತಿ, ಮೀಟರಿಗೆ ಬೆನ್ನು ಕೊಟ್ಟು ನಿಂತ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಬಟ್ಟೆ ಕತ್ತರಿ. “ಯಾವನಾದ್ರೂ ಈ ಗೋಡೆ ಮುಟ್ಟಿ ನೋಡ್ರೋ! ನನ್ ಹೆಣದ ಮೇಲೆ ಕಾಲಿಟ್ಟು ಹೋಗ್ಬೇಕು!”

ಸರಿಯಾಗಿ ಅದೇ ಹೊತ್ತಿಗೆ ಪೊಲೀಸರ ಬೆಂಗಾವಲಲ್ಲಿ ಕಂಪನಿಯ ವ್ಯಾನು ಬಂತು. ಪೊಲೀಸರನ್ನು ಕಂಡದ್ದೇ ಇಕ್ಕಳ ಸುತ್ತಿಗೆಗಳು ಬೆನ್ನ ಹಿಂದೆ ಅಡಗಿದವು, ಜನ ಎರಡೂ ಬದಿಗೆ ಸರಿದರು. ಏಣಿ ಹೊತ್ತ ಲೈನ್‌ಮನ್‌ಗಳು ಎಲೀಹಿಯೊನ ಕತ್ತರಿಯ ಎದುರೇ ಬಂದು ನಿಂತರು. ಟಯರ್ ಹೊಗೆಯ ಜಾಡು ಹಿಡಿದು ಬಂದಿದ್ದ ಟೀವಿಯವರ ಕ್ಯಾಮೆರಾಗೆ ಕಂಡದ್ದು ಇಷ್ಟೇ: ಒಂದು ಕಡೆ ಕಂಪನಿ, ಇನ್ನೊಂದು ಕಡೆ ಕತ್ತರಿ ಝಳಪಿಸುವ ಬಡ ದರ್ಜಿ.

ಟೀವಿ ಹುಡುಗಿ ಮೈಕು ಚಾಚಿದಳು. “ಹೇಳಿ ಸಾರ್, ಕಂಪನಿ ನಿಮಗೇನು ಅನ್ಯಾಯ ಮಾಡಿದೆ?”

ಜನ್ಮದಲ್ಲಿ ಮೊದಲ ಸಲ ಒಬ್ಬರು ಅವನನ್ನು ಹೀಗೆ ಕೇಳಿದ್ದರು. ಎಲೀಹಿಯೊನ ಸಹನೆಯ ಕಟ್ಟೆ ಒಡೆಯಿತು. “ಹಗಲುಗಳ್ರು! ಕರೆಂಟ್ ಕೊಡೋದು ಅರ್ಧ ದಿನ, ಬಿಲ್ಲು ಮಾತ್ರ ಪೂರ್ತಿ ದಿನದ್ದು! ಬೀಗ ಹಾಕಿದ್ ಮನೇಗೂ ಬಿಲ್ಲು! ಕೇಳೋಕೆ ಹೋದ್ರೆ ಸರಾಸರಿ ಅಂತಾರೆ. ಇವರಪ್ಪನ ಮನೆ ಸರಾಸರಿ! ಅದಕ್ಕೇ ಹೇಳ್ತೀನಿ, ಈ ಹೊಸ ಮೀಟರ್...”

“ಮಾಸ್ಟ್ರು ನಮ್ ಕಡೆ ಬಂದ್ರು ಕಣ್ರೋ!” ಎಂದು ಸಾರ್ಜೆಂಟ್ ಅರಚಿದ. ಓಣಿಯ ಪಾತ್ರೆಗಳೆಲ್ಲ ಒಮ್ಮೆಗೇ ಮೊಳಗಿದವು. “ನನಗೆ ಬೇಕೇ ಬೇಕು” ಎಂಬ ಉಳಿದರ್ಧ ಮಾತು ಪಕ್ಕದಲ್ಲಿದ್ದ ಫಿದೆಲಿನಾಗೆ ಮಾತ್ರ ಕೇಳಿಸಿತು. ನಾಳಿನ ಬಾಳೆಕಾಯಿ ನೆನೆದು ಅವಳು ತುಟಿ ಬಿಚ್ಚಲಿಲ್ಲ.

ಸಂಜೆಯ ಸುದ್ದಿಯಲ್ಲಿ ದೇಶವೆಲ್ಲ ಆ ಕತ್ತರಿಯನ್ನು ನೋಡಿತು. ಸುದ್ದಿ ಮುಗಿಯುವ ಮೊದಲೇ ಕಂಪನಿಯ ದೊಡ್ಡ ಎಂಜಿನಿಯರ್ ಜೀಪಿನಲ್ಲಿ ಬಂದಿಳಿದ. ಹಿಂದೆ ಅದೇ ಕ್ಯಾಮೆರಾ.

“ಎಲೀಹಿಯೊ ಅವರೇ, ನಿಮ್ಮ ಹೋರಾಟಕ್ಕೆ ತಲೆ ಬಾಗಿದೀವಿ. ಈ ಓಣಿಗೆ ಇನ್ನು ಸ್ಮಾರ್ಟ್ ಮೀಟರ್ ಬರಲ್ಲ. ಮೊದಲು ನಿಮ್ಮದನ್ನೇ ತೆಗೆಸಿ, ಹಳೇದನ್ನ ಹಾಕಿಸ್ತೀನಿ.”

“ಅಯ್ಯೋ ಸ್ವಾಮಿ, ಬೇಡ! ನನಗೆ ಇದೇ ಬೇಕು!”

ಎಂಜಿನಿಯರ್ ಅವನ ಭುಜ ತಟ್ಟಿ, ಕಿವಿಯಲ್ಲಿ ಪಿಸುಗುಟ್ಟಿದ: “ಹೆದರ್ಕೋಬೇಡಿ. ಕತ್ತರಿ ತೋರಿಸಿದ್ದಕ್ಕೆ ಕೇಸ್ ಹಾಕಲ್ಲ.”

ಲೈನ್‌ಮನ್ ಏಣಿ ಹತ್ತಿದ. ಎಲೀಹಿಯೊ ಓಡಿಹೋಗಿ, ಅವನನ್ನು ಕೆಳಗಿಳಿಸಲೆಂದು ಎರಡೂ ಕೈಯಿಂದ ಏಣಿ ಹಿಡಿದು ಅಲ್ಲಾಡಿಸತೊಡಗಿದ. “ನೋಡಿ ವೀಕ್ಷಕರೇ,” ಎಂದಳು ಟೀವಿ ಹುಡುಗಿ ಗದ್ಗದ ದನಿಯಲ್ಲಿ, “ಎದುರಾಳಿ ಜಾರಿ ಬೀಳದಿರಲಿ ಅಂತ ಸ್ವತಃ ಏಣಿ ಹಿಡಿದಿದ್ದಾರೆ. ಎಂಥಾ ದೊಡ್ಡ ಮನಸ್ಸು!”

ಜನ ಅವನನ್ನು ಏಣಿಯಿಂದ ಬಿಡಿಸಿ ಸಾರ್ಜೆಂಟನ ಹೆಗಲ ಮೇಲೆ ಕೂರಿಸಿದರು. ನಾಳೆ ಬೆಳಿಗ್ಗೆ ಪಕ್ಕದ ಓಣಿಯ ಚಳವಳಿಗೂ ಮಾಸ್ಟ್ರದ್ದೇ ಮುಂದಾಳತ್ವ ಎಂದು ಸ್ಪೀಕರ್ ಸಾರಿತು. ಅಷ್ಟೆತ್ತರದಿಂದ ಎಲೀಹಿಯೊಗೆ, ತನ್ನ ಹೊಸ ಮೀಟರನ್ನು ಹೊತ್ತ ವ್ಯಾನು ತಿರುವಿನಲ್ಲಿ ಮರೆಯಾಗುವುದು ಸ್ಪಷ್ಟವಾಗಿ ಕಾಣಿಸಿತು. ಅವನ ಕಣ್ಣಿಂದ ದಳದಳನೆ ನೀರು ಸುರಿಯಿತು.

“ಆನಂದಬಾಷ್ಪ ಕಣ್ರೋ, ಪಾಪ!” ಎಂದು ನೆರೇಯ್ದಾ ತಾನೂ ಮೂಗು ಒರೆಸಿಕೊಂಡಳು.