ಖಚಿತವೇ ಎಂದು ಕೇಳುವ ಡಬ್ಬಿ

ಮೊಳಕಾಲ್ಮೂರಿನ ನೇಕಾರರ ಸಂಘದ ಕಂಪ್ಯೂಟರಿಗೆ ಅನುಮಾನದ ಸ್ವಭಾವ. ಏನು ಒತ್ತಿದರೂ ಪರದೆಯ ನಡುವೆ ಡಬ್ಬಿಯೊಂದು ಎದ್ದು 'ಖಚಿತವೇ?' ಎಂದು ಕೇಳುತ್ತಿತ್ತು. 'ಹೌದು' ಒತ್ತುವವರೆಗೆ, ಬಾಗಿಲಿಗೆ ಅಡ್ಡ ಮಲಗಿದ ಎಮ್ಮೆಯಂತೆ ಕದಲುತ್ತಿರಲಿಲ್ಲ. ದಿನಕ್ಕೆ ಇನ್ನೂರು ಸಲ ಒತ್ತಿ ಒತ್ತಿ, ಅದರ ಮುಂದೆ ಕೂತು ಕೆಲಸ ಮಾಡುವ ಓಬಳೇಶ ಓದುವುದನ್ನೇ ಬಿಟ್ಟಿದ್ದ.

ಅಂದು ಬೆಳಿಗ್ಗೆಯೂ ಹಾಗೇ ಒತ್ತಿದ. ಡಬ್ಬಿ ಕೇಳಿದ್ದು, 'ಈ ಅಂಚಿನ ವಿನ್ಯಾಸ ಅಳಿಸಲೇ?' ಎಂದು.

ಅದು ಹಿರಿಯ ನೇಕಾರ್ತಿ ಸೂರಮ್ಮ ವಾರವಿಡೀ ಪಕ್ಕದಲ್ಲಿ ಕೂತು ಎಳೆ ಎಳೆಯಾಗಿ ಹೇಳಿ ಬರೆಸಿದ ಅಂಚು. ಬೇರೆ ಯಾರ ಸೀರೆಯಲ್ಲೂ ಇರದ ಅಂಚು ಬೇಕೆಂದು ಕೇಳಿದ್ದ ಚಳ್ಳಕೆರೆಯ ಮದುಮಗಳು ಅಂದೇ ನಾಲ್ಕು ಗಂಟೆಗೆ ನೋಡಲು ಬರುವವಳಿದ್ದಳು.

"ಈ ಸೀರೆ ತಪ್ಪಿದ್ರೆ ನಿನ್ನ ಕುರ್ಚಿನೂ ತಪ್ತೈತೆ," ಎಂದರು ಅಧ್ಯಕ್ಷ ನಾಗೇಂದ್ರಪ್ಪ.

ಸೂರಮ್ಮ ಬೈಯಲಿಲ್ಲ. ಮಜ್ಜಿಗೆ ಲೋಟ ಅವನ ಮುಂದಿಟ್ಟು, "ಕುಡಿ ಮೊದ್ಲು. ಅಂಚು ನನ್ನ ತಲೇಲಿ ಐತೆ, ಅಲ್ಲಿಗೆ ನಿನ್ನ ಕೈ ಎಟುಕಲ್ಲ," ಎಂದರು.

ಓಬಳೇಶ ಚಳ್ಳಕೆರೆಗೆ ಫೋನು ಹಚ್ಚಿದ. ಪ್ರೋಗ್ರಾಂ ಬರೆದ ಗೋವರ್ಧನ ಅಲ್ಲಿದ್ದ.

"ಎಲ್ಲದಕ್ಕೂ ಕೇಳಿದ್ರೆ ಯಾರಣ್ಣ ಓದ್ತಾರೆ?" ಎಂದ ಓಬಳೇಶ. " ಅಳಿಸೋವಾಗ ಮಾತ್ರ ಕೇಳ್ಸು. 'ಹೌದು' ಬದ್ಲು 'ಅಳಿಸು' ಅಂತಾನೇ ಬರಿ. ಮಿಕ್ಕಿದ್ದೆಲ್ಲ ತೆಗಿ."

"ಮೂರು ವರ್ಷಕ್ಕೆ ಒಂದು ಬುದ್ಧಿ ಮಾತಾಡ್ದೆ ನೋಡು. ತೆಗೀತೀನಿ. ಕೆಲ್ಸ ಆದ್ರೆ ಪರದೆ ಕೆಳಗೆ ಮೂಲೇಲಿ ಸಣ್ಣಗೆ ಬರ್ತೈತೆ, ನೋಡ್ಕೋ."

"ಹೂಂ," ಎಂದ ಓಬಳೇಶ. ಕಿವಿ ಆಗಲೇ ಮೊದಲಿಂದ ಅಂಚು ಹೇಳತೊಡಗಿದ್ದ ಸೂರಮ್ಮನ ಕಡೆಗಿತ್ತು.

ವಾರ ಹಿಡಿದಿದ್ದ ಅಂಚು, ಈ ಸಲ ಸೂರಮ್ಮ ಎಲ್ಲೂ ತಡೆಯದೆ ಹೇಳಿದ್ದರಿಂದ, ಎರಡು ಗಂಟೆಗೆ ಮುಗಿಯಿತು. ಓಬಳೇಶ 'ಮಗ್ಗಕ್ಕೆ ಕಳಿಸು' ಒತ್ತಿದ. ಡಬ್ಬಿ ಏಳಲಿಲ್ಲ. ಮತ್ತೆ ಒತ್ತಿದ. ಪರದೆ ಉಂಡು ಮಲಗಿದವರಂತೆ ಸುಮ್ಮನಿತ್ತು.

"ಹೋಗ್ತಿಲ್ಲ ಕಣಮ್ಮ."

"ಸಮಾಧಾನವಾಗಿ ಒತ್ತಪ್ಪ. ಹೋಗ್ತೈತೆ."

ಸಮಾಧಾನವಾಗಿಯೇ ಒತ್ತುತ್ತಾ ಹೋದ. ಒಳಗೆ ಮಗ್ಗದ ಸದ್ದು ಕೇಳಿದ ಮೇಲೆ ಬೆವರು ಒರೆಸಿಕೊಂಡ.

ನಾಲ್ಕಕ್ಕೆ ಮದುಮಗಳು ಬಂದಳು. ಮೊದಲ ಮಗ್ಗದ ಅಂಚನ್ನು ಬೆರಳಲ್ಲಿ ಸವರಿ, "ಇದೇ ನಂಗೆ ಬೇಕಿದ್ದಿದ್ದು," ಎಂದು ನಕ್ಕಳು. ಎರಡನೆಯದರ ಮುಂದೆ ನಗು ನಿಂತಿತು. ಹೊಸ ಹಾಸುನೂಲು ಏರಿಸಿ ಕಾದಿದ್ದ ಹನ್ನೊಂದು ಮಗ್ಗಗಳಲ್ಲೂ ಅದೇ ಅಂಚು ಎರಡೆರಡು ಬೆರಳು ಬೆಳೆದಿತ್ತು. ಪರದೆಯ ಕೆಳಮೂಲೆಯಲ್ಲಿ ಸಣ್ಣಗೆ, ಒತ್ತಿದ ಸಲಕ್ಕೊಂದರಂತೆ, 'ಮಗ್ಗಕ್ಕೆ ಹೋಗಿದೆ' ಎಂದು ಹನ್ನೊಂದು ಸಾಲಿತ್ತು.

"ಬೇರೆ ಯಾರತ್ರಾನೂ ಇರಲ್ಲ ಅಂದಿದ್ರಿ," ಎಂದು ಮೆಲ್ಲಗೆ ಹೇಳಿ, ಸೂರಮ್ಮ ಕೊಟ್ಟ ನೀರು ಕುಡಿದು, ಬಂದ ದಾರಿ ಹಿಡಿದಳು.

ನಾಗೇಂದ್ರಪ್ಪ ಕನ್ನಡಕ ತೆಗೆದರು. "ಓಬಳೇಶ, ನಾಳೆಯಿಂದ ಬರ್ಬೇಡ."

ಮೂರು ವರ್ಷದ ಅಭ್ಯಾಸ. ಅವನ ಬಾಯಿಂದ ತಾನಾಗಿಯೇ ಬಂತು: "ಖಚಿತವೇ, ಸಾರ್?"

"ಹೌದು," ಎಂದರು ನಾಗೇಂದ್ರಪ್ಪ, ಓದದೆ ಒತ್ತುವವರಷ್ಟೇ ಬೇಗ.