ಗಂಟಲಿನ ಹರಾಜು

ದೊಕ್‌ಚಿಲ್‌ನ ಕುತ್ತಿಗೆಯಲ್ಲಿ ಸಿಕ್ಕಿದ ಗಂಟು ಎಳ್ಳುಕಾಳಿಗಿಂತ ತುಸು ದೊಡ್ಡದು, ಅಷ್ಟೇ. ಅದು ನೋಯುತ್ತಿರಲಿಲ್ಲ, ಕಾಣುತ್ತಿರಲಿಲ್ಲ, ಊಟಕ್ಕೆ ಅಡ್ಡ ಬರುತ್ತಿರಲಿಲ್ಲ. ವರ್ಷದ ತಪಾಸಣೆಗೆ ಗಂಡನನ್ನೂ ಕರೆತಂದರೆ ಕುತ್ತಿಗೆಯ ಸ್ಕ್ಯಾನು ಬಿಟ್ಟಿ ಎಂದು ಅವನ ಹೆಂಡತಿ ಒಕ್‌ಬುನ್‌ಗೆ ಯಾರೋ ಹೇಳಿದ್ದರು. ಬಿಟ್ಟಿ ಕೊಟ್ಟರೆ ಒಕ್‌ಬುನ್ ಪಕ್ಕದ ಮನೆಯವರ ಹಲ್ಲುನೋವನ್ನೂ ಬಿಡುವವಳಲ್ಲ. ಗಂಡನನ್ನು ದರದರ ಎಳೆದುಕೊಂಡು ಹೋದಳು. ಗಂಟು ಸಿಕ್ಕಿತು.

ಸೂಜಿ ಚುಚ್ಚಿ ನೋಡಿದರು. ಆಮೇಲೆ ಬಂದ ಕಾಗದದಲ್ಲಿ ಕ್ಯಾನ್ಸರ್ ಇರಬಹುದೆಂಬ ಅನುಮಾನ ಎಂದಿತ್ತು. ತಪಾಸಣೆ ಮಾಡಿದ್ದ ಡಾಕ್ಟರ್ ಪ್ಯೋ ಅವತ್ತೇ ಫೋನು ಮಾಡಿಸಿದರು. ಬುಸಾನಿನ ದೊಡ್ಡಾಸ್ಪತ್ರೆಯಲ್ಲಿ ಗುರುವಾರಕ್ಕೆ ಜಾಗ ಹಿಡಿದಾಗಿದೆ, ಥೈರಾಯ್ಡನ್ನು ಪೂರ್ತಿ ತೆಗೆಸಿಬಿಡೋಣ, ಸೋಮವಾರ ಇಲ್ಲಿಗೆ ಬಂದು ಸಹಿ ಹಾಕಿ ಹೋಗಿ ಎಂದರು.

ಬೇರೆ ಯಾರಾದರೂ ಆಗಿದ್ದರೆ ಹೋಗಿ ಕೊಯ್ಯಿಸಿಕೊಂಡು ಬರುತ್ತಿದ್ದರು. ನಮ್ಮ ಬಂದರಿನ ಅರ್ಧ ಹೆಂಗಸರ ಕುತ್ತಿಗೆಯಲ್ಲಿ ಆ ಗಾಯದ ಗೆರೆ ಇದೆ. ಸಾಲಾಗಿ ನಿಲ್ಲಿಸಿದರೆ ಎಲ್ಲರೂ ಒಬ್ಬನೇ ಅಕ್ಕಸಾಲಿಗನ ಹತ್ತಿರ ಸರ ಮಾಡಿಸಿಕೊಂಡ ಹಾಗೆ ಕಾಣುತ್ತಾರೆ. ಆದರೆ ದೊಕ್‌ಚಿಲ್ ಮೀನು ಹರಾಜು ಕೂಗುವವನು. ಮೂವತ್ತು ವರ್ಷದಿಂದ ಆ ಗಂಟಲೇ ಅವನ ದೋಣಿ, ಅದೇ ಅವನ ಬಲೆ. ಅವನು ಬಾಯಿ ತೆರೆದರೆ ಎದುರು ದ್ವೀಪದ ಬೆಕ್ಕುಗಳು ಎದ್ದು ಮೈ ಮುರಿಯುತ್ತವೆ. ಥೈರಾಯ್ಡಿನ ಪಕ್ಕದಲ್ಲೇ ಧ್ವನಿಯ ನರ ಹಾದುಹೋಗುತ್ತದಂತೆ. ಅದಕ್ಕೆ ಚಾಕು ತಗುಲಿ, ಮುಂದಿನ ಊರಿನ ಹರಾಜಿನವನೊಬ್ಬನ ದನಿ ತೂತು ಬಿದ್ದ ಟೈರಿನ ಹಾಗಾಗಿತ್ತು. ಅವನು ಈಗ ಟಿಕೆಟ್ ಹರಿಯುವ ಕೆಲಸ ಮಾಡುತ್ತಾನೆ.

ಸಾಲದ್ದಕ್ಕೆ ಆ ಸೋಮವಾರ ಸಂಜೆಯೇ ಚಳಿಗಾಲದ ಮೊದಲ ದೇಗು ಮೀನು ಬರುವುದಿತ್ತು. ದೇಗು ಎಂದರೆ ಮುಖಕ್ಕಿಂತ ಬಾಯೇ ದೊಡ್ಡದಾದ ಮೀನು. ಮೊದಲ ಹರಾಜನ್ನು ಯಾರು ಕೂಗುತ್ತಾರೋ ಚಳಿಗಾಲವಿಡೀ ಹರಾಜಿನ ಕಟ್ಟೆ ಅವರದೇ. ದೊಕ್‌ಚಿಲ್ ಹಿಂದೆ ಸರಿದರೆ ಕಟ್ಟೆ ಹತ್ತಲು ತಾಕ್ ಎಂಬ ಹೊಸಬ ಆರು ತಿಂಗಳಿಂದ ಗಂಟಲಿಗೆಂದು ಶುಂಠಿ ನೆಕ್ಕುತ್ತ ಕಾದಿದ್ದ.

ಹಿಂದಿನ ದಿನ ಮಗಳು ಮಿರಾನ್ ಫೋನು ಮಾಡಿದ್ದಳು. ಅವಳು ಬುಸಾನಿನಲ್ಲಿ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಾಳೆ.

"ಅಪ್ಪಾ, ಸಹಿ ಹಾಕೋ ಮುಂಚೆ ನಾಲ್ಕು ಮಾತು ಕೇಳು. ಇದು ಬೇಕೇ ಬೇಕಾ? ಮಾಡಿಸ್ದೆ ಇದ್ರೆ ಏನಾಗುತ್ತೆ? ಮಾಡಿಸಿದ್ರೆ ಏನು ಕೆಡುತ್ತೆ? ಬೇರೆ ದಾರಿ ಇದ್ಯಾ? ಕೇಳೋದ್ರಲ್ಲಿ ಅವಮಾನ ಏನಿಲ್ಲ."

ದೊಕ್‌ಚಿಲ್ ನಾಲ್ಕನ್ನೂ ನೀಲಿ ಶಾಯಿಯಲ್ಲಿ ಎಡ ಅಂಗೈಮೇಲೆ ಬರೆದುಕೊಂಡ. ಸೋಮವಾರ ಬೆಳಗಿನ ಮಾಮೂಲಿ ಹರಾಜು ಮುಗಿಸಿ, ಆ ಕೈಯನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದುಕೊಂಡು ಹೊರಟ. ಸಿಂಪಿ ಮಾರುವ ಮಲ್‌ಜಾ ಅಡ್ಡ ಬಂದಳು. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಕುತ್ತಿಗೆಯಲ್ಲಿ ಗೆರೆ ಇರುವವಳು, ಊರಿನವರ ಕಾಯಿಲೆಗಳೆಲ್ಲ ತನ್ನ ಅನುಮತಿ ಪಡೆದೇ ಬರಬೇಕು ಎಂದುಕೊಂಡವಳು.

"ಏನೋ ಅದು ಕೈಲಿ? ಯಾವಳದ್ದೋ ಕಾಗದಾನಾ?" ಎಂದು ಅವನ ಕೈಯನ್ನು ತನ್ನ ಒದ್ದೆ ಕೈಯಿಂದ ಬಿಡಿಸಿ ನೋಡಿದಳು. ನೋಡನೋಡುತ್ತ ಅಕ್ಷರಗಳೆಲ್ಲ ಕರಗಿ ಅಂಗೈ ಬಂಗುಡೆಯ ಬೆನ್ನಿನಂತೆ ನೀಲಿಯಾಯಿತು.

"ಡಾಕ್ಟ್ರನ್ನ ಪ್ರಶ್ನೆ ಕೇಳಕ್ಕೆ ಹೊರಟಿದೀಯಾ? ಸುಮ್ನೆ ಕೊಯ್ಸ್ಕೊಂಡ್ಬಿಡು. ಅವ್ರಿಗೆ ಸಿಟ್ಟು ಬಂದು, ಕೊಯ್ಯೋವಾಗ ಚಾಕುನ ಆ ಕಡೆ ಈ ಕಡೆ ತಿರುಗ್ಸಿದ್ರೆ ಏನ್ಮಾಡ್ತೀಯ?"

ದೊಕ್‌ಚಿಲ್‌ಗೆ ಈ ಭಯವೊಂದು ಇರಲಿಲ್ಲ. ಈಗ ಅದೂ ಬಂತು. ಬಸ್ಸಿನಲ್ಲಿ ಅವನ ಒಂದು ಪಕ್ಕ ಒಕ್‌ಬುನ್, ಇನ್ನೊಂದು ಪಕ್ಕ ಕರೆಯದೆ ಬಂದ ಮಲ್‌ಜಾ. ಇಬ್ಬರೂ ಅವನ ಕುತ್ತಿಗೆಯ ಮೇಲಿಂದಲೇ ಮಾತಾಡಿಕೊಂಡರು, ಅದು ಆಗಲೇ ಆಸ್ಪತ್ರೆಗೆ ಸೇರಿದ ಸ್ವತ್ತು ಎನ್ನುವ ಹಾಗೆ.

ಡಾಕ್ಟರ್ ಪ್ಯೋ ಸಹಿ ಹಾಕುವ ಕಾಗದವನ್ನು ಮುಂದೆ ತಳ್ಳಿದರು. ದೊಕ್‌ಚಿಲ್ ಅಂಗೈ ನೋಡಿಕೊಂಡ. ಬರೀ ನೀಲಿ. ಹೆದರಿಕೆಯಾದರೆ ಅವನ ನಾಲಿಗೆಗೆ ಗೊತ್ತಿರುವುದು ಒಂದೇ ದಾರಿ, ಹರಾಜಿನ ದಾರಿ. ಹರಾಜಿನಲ್ಲಿ ಒಂದು ಉಸಿರಿಗೆ ನಲವತ್ತು ಮಾತು ಹೋಗುತ್ತದೆ. ಮೀನು ಕೊಳ್ಳುವವರಿಗೆ ಬಿಟ್ಟರೆ ದೇವರಿಗೂ ತಿಳಿಯುವುದಿಲ್ಲ. ಅವನು ಎದ್ದು ನಿಂತು ಕಣ್ಣು ಮುಚ್ಚಿ ಕೂಗಿದ.

"ಬೇಕೇಬೇಕಾಬೇಡ್ವಾಬಿಟ್ರೇನಾಯ್ತುಕೊಯ್ದ್ರೇನ್ಕೆಟ್ತುಬೇರೆದಾರಿಬೇರೆದಾರಿ ಹೇಯ್!"

ಕಿಟಕಿಯ ಗಾಜು ಗುಯ್ಯೆಂದಿತು. ಡಾಕ್ಟರು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಇವರಿಗೆ ಹೀಗೆ ಎಷ್ಟು ದಿನದಿಂದ ಆಗುತ್ತಿದೆ ಎಂದು ಒಕ್‌ಬುನ್‌ಳನ್ನು ಕೇಳಿದರು. ಗಂಟು ತಲೆಗೇರಿದೆ ಎಂದೇ ಅವರು ತಿಳಿದದ್ದು.

ಪುಣ್ಯಕ್ಕೆ ನರ್ಸ್ ಸೆಹ್ವಾ ಅಲ್ಲಿದ್ದಳು. ಅವಳಪ್ಪ ನಮ್ಮ ಬಂದರಿನಲ್ಲೇ ಸಣ್ಣ ಮೀನು ಕೊಳ್ಳುವವನು. ಹರಾಜಿನ ಮಾತು ಕೇಳಿಕೊಂಡೇ ತೊಟ್ಟಿಲಲ್ಲಿ ನಿದ್ದೆ ಮಾಡಿದವಳು. ಹುಚ್ಚಲ್ಲ ಸರ್, ಇವರು ನಾಲ್ಕು ಪ್ರಶ್ನೆ ಕೇಳಿದ್ದಾರೆ ಎಂದು ಒಂದೊಂದನ್ನೇ ಬಿಡಿಸಿ ಹೇಳಿದಳು.

ಡಾಕ್ಟರು ಕನ್ನಡಕ ತೆಗೆದರು. ಮಲ್‌ಜಾ ಕಣ್ಣು ಮುಚ್ಚಿಕೊಂಡಳು, ಚಾಕು ಈಗಲೇ ಬಂತು ಎಂದು. ಆದರೆ ಅವರು ಸ್ಕ್ಯಾನಿನ ಚಿತ್ರವನ್ನು ಮತ್ತೊಮ್ಮೆ ತೆಗೆದು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ನೀವು ಏನು ಕೆಲಸ ಮಾಡ್ತೀರಿ?"

ದೊಕ್‌ಚಿಲ್ ಹೇಳಿದ, ಈ ಸಲ ನಿಧಾನಕ್ಕೆ.

"ಅದನ್ನ ನಾನು ಮೊದ್ಲೇ ಕೇಳ್ಬೇಕಿತ್ತು," ಎಂದರು ಡಾಕ್ಟರು. "ನೋಡಿ, ಇಷ್ಟು ಸಣ್ಣದು, ಒಂದೇ ಕಡೆ ಇರೋದು, ಎಷ್ಟೋ ಜನಕ್ಕೆ ಬೆಳೆಯೋದೇ ಇಲ್ಲ. ತೆಗೆದ್ರೆ ಸಾಯೋ ತನಕ ಮಾತ್ರೆ ನುಂಗ್ಬೇಕು. ದನಿ ಕೆಡೋದು ಅಪರೂಪ, ಆದ್ರೆ ಕೆಡಲ್ಲ ಅಂತ ನಾನು ಬರ್ಕೊಡಲ್ಲ. ಆರು ತಿಂಗ್ಳಿಗೊಂದ್ಸಲ ಸ್ಕ್ಯಾನ್ ಮಾಡಿ ನೋಡ್ತಾ ಇರ್ಬೋದು. ಬೆಳೆದ್ರೆ ಆವಾಗ ಯೋಚ್ನೆ ಮಾಡೋಣ."

"ಮತ್ತೆ ಗುರುವಾರ?"

"ಬಿಟ್ಬಿಡೋಣ. ನಿಮ್ಮ ಹಾಗೆ ಪ್ರಶ್ನೆ ಯಾರೂ ಕೇಳಲ್ಲ ನೋಡಿ. ಸಿಕ್ಕಿದ್ದನ್ನ ತೆಗೀದೆ ಬಿಟ್ರೆ ಜನಾನೇ ನಮ್ಮನ್ನ ಬೈತಾರೆ."

ದೊಕ್‌ಚಿಲ್ ಆಸ್ಪತ್ರೆಯಿಂದ ಹೊರಬಿದ್ದಾಗ ಹನ್ನೊಂದು ಗಂಟೆ. ಅವನ ಕಾಲು ನೆಲಕ್ಕಿಂತ ಗೇಣು ಮೇಲಿತ್ತು. ನೆಟ್ಟಗೆ ಮನೆಗೆ ಹೋಗಿ ಮಲಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬಸ್‌ಸ್ಟಾಪಿನಲ್ಲೇ ಒಕ್‌ಬುನ್ ಅಳಲು ಶುರುಮಾಡಿದಳು. ಡಾಕ್ಟರು ಬೇಡ ಎಂದರೆ ಆಸೆ ಬಿಟ್ಟಿದ್ದಾರೆ ಎಂದೇ ಅರ್ಥ ಎನ್ನುವುದು ಅವಳ ಲೆಕ್ಕ. ದೊಕ್‌ಚಿಲ್ ಅವಳಿಗೆ ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳಿದ. ಬಸ್ ಬಂತು. ಡ್ರೈವರು ಕನ್ನಡಿಯಲ್ಲಿ ನೋಡುತ್ತ ತನ್ನ ಸೋದರತ್ತೆಯ ಸಾವಿನ ಕತೆ ಹೇಳಿದ. ಇಂಜಿನ್ ಸದ್ದನ್ನು ಮೀರಿಸಿ ಅವನಿಗೂ ಕೂಗಿ ಹೇಳಬೇಕಾಯಿತು. ಇಳಿದರೆ ಕ್ಷೌರದಂಗಡಿಯವನು, ಅವನಾದ ಮೇಲೆ ನೂಡಲ್ಸ್ ಅಂಗಡಿಯವಳು. ಒಬ್ಬೊಬ್ಬರಿಗೂ ಗಂಟಿನಿಂದ ಸತ್ತ ನೆಂಟರು ಇದ್ದರು. ಅಷ್ಟು ಜನ ನಿಜವಾಗಿ ಸತ್ತಿದ್ದರೆ ಬಂದರಿನಲ್ಲಿ ಮೀನು ತಿನ್ನಲು ಬೆಕ್ಕುಗಳು ಮಾತ್ರ ಉಳಿಯಬೇಕಿತ್ತು.

ಮಾರುಕಟ್ಟೆಗೆ ಬರುವಷ್ಟರಲ್ಲಿ ಮಲ್‌ಜಾ ಮುಂದೆ ಓಡಿ ಸುದ್ದಿ ಹಬ್ಬಿಸಿದ್ದಳು. ಕುತ್ತಿಗೆಯಲ್ಲಿ ಗೆರೆ ಇರುವ ಹೆಂಗಸರೆಲ್ಲ ಸಿಂಪಿ ಬಿಡಿಸುವ ಚಾಕು ಹಿಡಿದೇ ಬಂದು ಸುತ್ತ ನಿಂತರು. ನಿನ್ನೊಬ್ಬನಿಗೆ ಬೇಡವಾದದ್ದು ನಮಗೆ ಹೇಗೆ ಬೇಕಾಯಿತು ಎಂದು ಅವರ ಜಗಳ. ಅವನು ಮೀನಿನ ಪೆಟ್ಟಿಗೆ ಹತ್ತಿ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದ. ಗದ್ದಲದಲ್ಲಿ ಹಿಂದಿನವರಿಗೆ ಕೇಳಲಿಲ್ಲ. ಇನ್ನೂ ಜೋರಾಗಿ ಕೂಗಿದ.

ಗುಂಪು ಕರಗಿದ ಮೇಲೆ ಮಲ್‌ಜಾ ಮಾತ್ರ ಉಳಿದಳು. ಯಾವತ್ತೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದಳು.

"ಹಂಗಾದ್ರೆ ನಂದು ಸುಮ್‌ಸುಮ್ನೆ ಕೊಯ್ದ್ರೇನೋ?"

ಅವಳ ಕೈ ಗೆರೆಯ ಮೇಲಿತ್ತು. ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ ಮಾತ್ರೆ ನುಂಗುವವಳು. ದೊಕ್‌ಚಿಲ್ ಪೆಟ್ಟಿಗೆಯಿಂದ ಇಳಿದ. ಪೆಟ್ಟಿಗೆಯ ಮೇಲೆ ಅವಳನ್ನು ಕೂರಿಸಿಕೊಂಡು ಹೇಳತೊಡಗಿದ.

"ಇಲ್ಲ ಅಕ್ಕಾ. ನಿಂದು ಲಿಂಬೆಹಣ್ಣಿನಷ್ಟಿತ್ತು, ನಾನೇ ನೋಡಿದೀನಿ. ನಿಂದು ಬೇಕಾಗೇ ಇತ್ತು."

ಅವಳಿಗೆ ಒಂದು ಸಲ ಕೇಳಿದರೆ ಸಾಲಲಿಲ್ಲ. ಇಪ್ಪತ್ತು ಸಲ ಹೇಳಿಸಿಕೊಂಡಳು. ಕಿವಿ ಮಂದ ಬೇರೆ.

ನಾಲ್ಕು ಗಂಟೆಗೆ ದೋಣಿಗಳು ಬಂದವು. ದೇಗು ಮೀನುಗಳು ಸಾಲಾಗಿ, ಬಾಯಿ ತೆರೆದುಕೊಂಡು ಮಲಗಿದ್ದವು. ಕೊಳ್ಳುವವರು ಟೋಪಿ ಸರಿಮಾಡಿಕೊಂಡರು. ಗಂಟೆ ಬಾರಿಸಿತು. ದೊಕ್‌ಚಿಲ್ ಕಟ್ಟೆ ಹತ್ತಿ, ಎದೆ ತುಂಬ ಉಸಿರೆಳೆದು, ಬಾಯಿ ತೆರೆದ.

ಹೊಗೆಯಷ್ಟೇ ಬಂತು, ಚಳಿಯ ಹೊಗೆ.

ಮತ್ತೆ ತೆರೆದ. ಬೆಕ್ಕಿನ ಮರಿ ಚೀಲದೊಳಗಿಂದ ಕರೆದಂಥ ಒಂದು ಸದ್ದು ಬಂದು ನಿಂತುಹೋಯಿತು. ಮೀನುಗಳೂ ಬಾಯಿ ತೆರೆದಿದ್ದವು, ಅವನೂ ತೆರೆದಿದ್ದ. ಯಾರನ್ನು ಹರಾಜು ಹಾಕುತ್ತಿದ್ದಾರೆ ಎಂದು ಕೊಳ್ಳುವವರಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ತಾಕ್ ಕಟ್ಟೆ ಹತ್ತಿ, ಅಣ್ಣಾ ಸ್ವಲ್ಪ ಸರೀರಿ ಎಂದು ಕೂಗಲು ಶುರುಮಾಡಿಯೇಬಿಟ್ಟ.

ಗಂಟು ದನಿಗೆ ಬಂತು ಎಂದು ಹೆಂಗಸರು ಬಾಯಿ ಬಡಿದುಕೊಂಡರು. ದೊಕ್‌ಚಿಲ್ ಅಲ್ಲ ಅಲ್ಲ ಎಂದು ಕೈಯಾಡಿಸುತ್ತಿದ್ದ ಹಾಗೆಯೇ ಅವನನ್ನು ಮಂಜುಗಡ್ಡೆಯ ಲಾರಿಗೆ ಎತ್ತಿಹಾಕಿ ಮತ್ತೆ ಡಾಕ್ಟರ್ ಪ್ಯೋ ಮುಂದೆ ಇಳಿಸಿದರು.

ಡಾಕ್ಟರು ಇನ್ನೊಮ್ಮೆ ಸ್ಕ್ಯಾನು ಮಾಡಿ, ಗಂಟಲಿಗೆ ಸಣ್ಣ ಕನ್ನಡಿಯನ್ನೂ ಇಳಿಸಿ ನೋಡಿದರು. ಗಂಟು ಬೆಳಿಗ್ಗೆ ಇದ್ದಲ್ಲೇ ತನ್ನ ಪಾಡಿಗೆ ತಾನಿತ್ತು. ಧ್ವನಿಪಟ್ಟಿಗಳು ಮಾತ್ರ ಬೇಯಿಸಿದ ಸಿಗಡಿಯ ಹಾಗೆ ಕೆಂಪಗೆ ಊದಿದ್ದವು. ರಕ್ತವೂ ಜಿನುಗಿತ್ತು. ಇವತ್ತು ಎಷ್ಟು ಮಾತಾಡಿದಿರಿ ಎಂದು ಕೇಳಿದರು. ದೊಕ್‌ಚಿಲ್ ಹಿಂದೆ ನಿಂತಿದ್ದ ಇಪ್ಪತ್ತು ಹೆಂಗಸರನ್ನು ಕೈಮಾಡಿ ತೋರಿಸಿದ. ಹದಿನೈದು ದಿನ ಪಿಸುಮಾತೂ ಕೂಡದು, ಕೂಗುವುದಂತೂ ಈ ಚಳಿಗಾಲ ಮುಗಿಯುವವರೆಗೆ ಬೇಡವೇ ಬೇಡ ಎಂದು ಡಾಕ್ಟರು ಬರೆದುಕೊಟ್ಟರು.

ಮಲ್‌ಜಾ ಅವನ ಬೆನ್ನು ಸವರಿದಳು. ಅವಳ ದನಿ ಮೊದಲಿನಷ್ಟೇ ಜೋರಾಗಿ ವಾಪಸು ಬಂದಿತ್ತು.

"ಅದಕ್ಕೇ ಹೇಳಿದ್ದು ನಾನು, ಸುಮ್ನೆ ಕೊಯ್ಸ್ಕೊಂಡ್ಬಿಡು ಅಂತ. ಕೊಯ್ಸ್ಕೊಂಡಿದ್ರೆ ಯಾಕ್ ಕೊಯ್ಸ್ಕೊಂಡೆ ಅಂತ ಒಬ್ರೂ ಕೇಳ್ತಿರ್ಲಿಲ್ಲ, ನಿನ್ ಗಂಟ್ಲು ಉಳೀತಿತ್ತು."

ಇದಕ್ಕೆ ದೊಕ್‌ಚಿಲ್ ಹತ್ತಿರ ಒಳ್ಳೆಯ ಉತ್ತರವಿತ್ತು. ಹೇಳಲು ಹದಿನೈದು ದಿನ ಕಾಯಬೇಕಿತ್ತು.