ಮನೆ ಮುಟ್ಟುವವರೆಗೆ ನೊನಗತೆ

ಈ ದ್ವೀಪದ ಜಲಪಾತಗಳನ್ನೆಲ್ಲ ನಾನು ಬೆನ್ನಿನಿಂದ ನೋಡಿದ್ದೇನೆ. ಜಲಪಾತದ ಬೆನ್ನಿನಿಂದಲ್ಲ, ನನ್ನ ಬೆನ್ನಿನಿಂದ. ಮದುವೆಯಾದಂದಿನಿಂದ ನಮ್ಮ ತಿಲಕಸಿರಿ ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಕಾರಿನ ಹಿಂಭಾಗದಲ್ಲಿ ಒಲೆ, ಗ್ಯಾಸ್ ಸಿಲಿಂಡರು, ಅಕ್ಕಿ, ಒಣಮೀನು, ತುರಿಮಣೆ ಸಮೇತ ಕರೆದುಕೊಂಡು ಹೋಗಿದ್ದಾರೆ. (ಜಾಗ ಸಾಲದೆ ಹೋದರೆ ಇಳಿಸುವುದು ನನ್ನನ್ನೋ ತುರಿಮಣೆಯನ್ನೋ ಎಂದು ಕೇಳುವ ಧೈರ್ಯ ನನಗೆ ಬಂದಿಲ್ಲ.) ಹೊರಗಿನ ಊಟ ಅವರಿಗೆ ಒಗ್ಗುವುದಿಲ್ಲ. ಹಾಗಾಗಿ ಅವರು ನೀರಿಗೆ ಮುಖ ಮಾಡಿ ಆನಂದಿಸುತ್ತಾರೆ. ನಾನು ಗಾಳಿಗೆ ಬೆನ್ನು ಕೊಟ್ಟು ಉರಿ ಕಾಯುತ್ತೇನೆ. ಮನೆಗೆ ಬಂದ ಮೇಲೆ ಅವರು ತೋರಿಸುವ ಫೋಟೋಗಳಲ್ಲಿ ಜಲಪಾತ ಹೇಗಿತ್ತು ಎಂದು ನೋಡಿಕೊಳ್ಳುತ್ತೇನೆ.

ಕಳೆದ ಏಪ್ರಿಲ್‌ನಲ್ಲಿ ಅವರು ನಿವೃತ್ತರಾದರು. ಅದೇ ತಿಂಗಳ ನಡುವೆ ಬರುವ ನಮ್ಮ ಹೊಸ ವರ್ಷಕ್ಕೆ ಕಾರಿನಲ್ಲಿ ನಿಧಾನವಾಗಿ ದ್ವೀಪದ ದಕ್ಷಿಣ ಸುತ್ತಿ, ಬೆಟ್ಟ ಹತ್ತಿ ಬರೋಣ ಎಂದರು. ಹೇಳಿದ್ದು ನನಗೆ, ನೋಡಿದ್ದು ಅಟ್ಟದ ಮೇಲಿದ್ದ ದೊಡ್ಡ ಪಾತ್ರೆಯನ್ನು. ಆ ಕ್ಷಣದಲ್ಲೇ ನಾನು ನಿಶ್ಚಯಿಸಿದೆ: ಈ ಸಲ ಒಂದು ಜಲಪಾತದ ಎದುರು ಬರಿಗೈಯಲ್ಲಿ ಕುಳಿತುಕೊಳ್ಳುತ್ತೇನೆ. ಹೇಗೆ ಎಂಬುದು ಮಾತ್ರ ಇನ್ನೂ ಹೊಳೆದಿರಲಿಲ್ಲ.

ಹೊಳೆದದ್ದು ಕತರಗಮದ ಗುಡಿಯ ಅಂಗಳದಲ್ಲಿ. ಹಳೆಯ ವರ್ಷ ಮುಗಿದು ಹೊಸದು ಹುಟ್ಟುವ ನಡುವಿನ ಆ ಹೊತ್ತನ್ನು, ಯಾವ ವರ್ಷಕ್ಕೂ ಸೇರದ ಆ ನೊನಗತೆಯನ್ನು, ನಾವು ಅಲ್ಲೇ ಕಳೆದೆವು. ಆ ಹೊತ್ತಿನಲ್ಲಿ ಒಲೆ ಉರಿಸುವಂತಿಲ್ಲ, ಕಸ ಗುಡಿಸುವಂತಿಲ್ಲ, ಸೂಜಿ ಹಿಡಿಯುವಂತಿಲ್ಲ. ಇಡೀ ವರ್ಷದಲ್ಲಿ ಹೆಂಗಸರಿಗೆ ಗ್ರಹಗಳೇ ಮಂಜೂರು ಮಾಡಿದ ಏಕೈಕ ರಜೆ ಅದು. ಮರುದಿನ ಬೆಳಿಗ್ಗೆ ಶುಭಗಳಿಗೆ ಬಂತು, ಊರೆಲ್ಲ ಪಟಾಕಿ ಹೊಡೆಯಿತು, ಮನೆಮನೆಯಲ್ಲೂ ಒಲೆ ಹೊತ್ತಿ ಹಾಲು ಉಕ್ಕಿತು. ನಮ್ಮವರು ಕಾರಿನಿಂದ ಒಲೆ ಇಳಿಸಿ ದಿಕ್ಕು ನೋಡಿ ಇಟ್ಟು, ಬೆಂಕಿಪೊಟ್ಟಣ ನನ್ನ ಕಡೆ ಚಾಚಿದರು.

"ಅಯ್ಯೋ, ನಮಗೆ ಇನ್ನೂ ನೊನಗತೆ ಮುಗಿದಿಲ್ಲವಲ್ಲ" ಎಂದಿತು ನನ್ನ ಬಾಯಿ. ನಾನು ಹೇಳಿಕೊಟ್ಟಿರಲಿಲ್ಲ, ಅದಾಗಿಯೇ ಅಂದಿತು.

"ಮುಗೀದೆ ಏನು? ಪಟಾಕಿ ಕೇಳಿಸ್ಲಿಲ್ವಾ?"

"ಒಲೆ ಹೊತ್ತಿಸಬೇಕಾದ್ದು ಸ್ವಂತ ಮನೇಲಿ ರೀ. ನಮ್ಮ ಒಲೆ ಪಾನದುರದಲ್ಲಿದೆ. ದಾರಿಯಲ್ಲಿರೋರಿಗೆ ಮನೆ ಮುಟ್ಟಿ ಒಲೆ ಹೊತ್ತಿಸೋ ತನಕ ನೊನಗತೆನೇ. ನಮ್ಮಜ್ಜಿ ಹೇಳ್ತಿದ್ರು."

(ನಮ್ಮಜ್ಜಿ ಪಾನದುರ ದಾಟಿ ಎಲ್ಲಿಗೂ ಹೋದವಳಲ್ಲ. ದಾರಿಯಲ್ಲಿರುವವರ ಬಗ್ಗೆ ಅವಳು ಏನೂ ಹೇಳಿರಲಾರಳು.)

ನಮ್ಮವರು ದೊಡ್ಡ ದೈವಭಕ್ತರು. ಆದರೆ ಶುಭಗಳಿಗೆ, ಬಣ್ಣ, ದಿಕ್ಕು ಎಲ್ಲವನ್ನೂ ತಿಳಿದುಕೊಂಡು ನಡೆಸುವುದು ಮೊದಲಿನಿಂದಲೂ ನನ್ನ ಕೆಲಸ. ಅವರದು ಹೇಳಿದ ಕಡೆ ಮುಖ ಮಾಡಿ ಕೂತು ತಿನ್ನುವುದು. ಹಾಗಾಗಿ ನನ್ನ ಮಾತನ್ನು ತೂಗಿ ನೋಡುವ ತಕ್ಕಡಿ ಅವರ ಹತ್ತಿರ ಇರಲಿಲ್ಲ. ತುಸು ಯೋಚಿಸಿ, ತಿನ್ನಬಹುದೋ ಎಂದಷ್ಟೇ ಕೇಳಿದರು. ಬೇರೆಯವರು ಬೇಯಿಸಿದ್ದನ್ನು ತಿನ್ನಬಹುದು ಎಂದು ಅಪ್ಪಣೆ ಕೊಟ್ಟೆ. ಒಲೆ ಮತ್ತೆ ಕಾರು ಸೇರಿತು.

ಆ ದಿನದ ಪ್ರಯಾಣವನ್ನು ನೆನೆದರೆ ಈಗಲೂ ಸುಖ, ಹಿಂದೆಯೇ ನಾಚಿಕೆ. ತಿಸ್ಸದಲ್ಲಿ ಕೊಂಡಿದ್ದ ಎಮ್ಮೆ ಮೊಸರಿನ ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೈನೆ ಬೆಲ್ಲದ ಪಾಕ ಸುರಿದುಕೊಂಡು, ಕಿಟಕಿಯಾಚೆ ನೋಡುತ್ತಾ ತಿಂದೆ. ಅವರ ಅಂಗಿಯ ಗುಂಡಿ ಕಿತ್ತುಬಂತು, ನೊನಗತೆ. ಬನಿಯನ್ ಒಗೆಯುವ ಮಾತು ಬಂತು. ನೊನಗತೆ, ತಿರುಗಿಸಿ ಹಾಕಿಕೊಳ್ಳಿ ಎಂದೆ. ವೆಲ್ಲವಾಯ ದಾಟಿದ ಮೇಲೆ ಟೈರು ಪಂಕ್ಚರ್ ಆಯಿತು. ಅವರು ಇಳಿದು, ಮರದ ನೆರಳಿಗೆ ಹೋಗಿ ಪದ್ಮಾಸನ ಹಾಕಿ ಕುಳಿತರು. ನೊನಗತೆಯಂತೆ. ತಡಮಾಡದೆ ನನ್ನ ಶಾಸನಕ್ಕೆ ಒಂದು ತಿದ್ದುಪಡಿ ತಂದೆ: ಚಕ್ರಕ್ಕೆ ಸಂಬಂಧಿಸಿದ್ದು ಗೃಹಕೃತ್ಯವಲ್ಲ, ಅದು ಪ್ರಯಾಣದ ಅಂಗ. ಗೊಣಗುತ್ತಾ ಎದ್ದರು. ಶಾಸನ ಬರೆಯುವವರು ಯಾಕೆ ಯಾವಾಗಲೂ ಅಷ್ಟು ಆರಾಮವಾಗಿ ಕಾಣುತ್ತಾರೆ ಎಂದು ಅವತ್ತು ತಿಳಿಯಿತು.

ಸಂಜೆಗೆ ಹಪುತಲೆಯ ಬದಿಯ ಬಂಗಲೆ ತಲುಪಿದೆವು. ಕೊಲಂಬೊದ ಯಾರದೋ ಸ್ವತ್ತು, ನೋಡಿಕೊಳ್ಳುವವಳು ಬಿಸೋ ಮೆನಿಕೆ ಎಂಬ ನನ್ನ ವಯಸ್ಸಿನ ಹೆಂಗಸು. ಜಗಲಿಯ ಎದುರಿಗೇ ಜಲಪಾತ. ಒರಗುಕುರ್ಚಿಯಲ್ಲಿ ಬಿದ್ದುಕೊಂಡೆ. ಬಿಳಿಯ ನೀರು ಅಷ್ಟೆತ್ತರದಿಂದ ಯಾರ ಅಪ್ಪಣೆಗೂ ಕಾಯದೆ ಬೀಳುತ್ತಿತ್ತು. ಬಿಸೋ ಮೆನಿಕೆ ತಂದುಕೊಟ್ಟ ಚಹಾ ಮುಗಿಯಿತು. ನೀರಿನಿಂದ ಕಣ್ಣು ಕೀಳದೆ ಖಾಲಿ ಬಟ್ಟಲನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದೆ. ಯಾರೋ ತೆಗೆದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ತುಂಬಿದ ಬಟ್ಟಲು ಕೈಗೆ ಬಂತು.

ಆಗ ಗುರುತು ಸಿಕ್ಕಿತು. ಹಾಗೆ ಹಿಂದಕ್ಕೆ ಚಾಚುವ ತೋಳು ನಮ್ಮ ತಿಲಕಸಿರಿಯದು. ಮದುವೆಯಾದಂದಿನಿಂದ ಅದರ ಈಚೆ ತುದಿಯಲ್ಲಿ ನಿಂತವಳು ನಾನು. ಎದ್ದು ಅಡುಗೆಮನೆಗೆ ಹೋಗಿ ಒಂದು ಮಾತಾಡಿಸಿ ಬರಬೇಕಿತ್ತು. ಚಹಾ ಬಿಸಿಯಾಗಿತ್ತು, ಚೆನ್ನಾಗಿಯೂ ಇತ್ತು. ಕುಡಿದೆ.

ಬಂಗಲೆಯಲ್ಲಿ ರತ್ನಪುರದ ಒಂದು ಸಂಸಾರವೂ ಇಳಿದುಕೊಂಡಿತ್ತು: ದಿಲ್ಹಾನಿ ಎಂಬ ಚಿಕ್ಕ ಹೆಂಗಸು, ಅವಳ ಗಂಡ, ಅತ್ತೆ, ಲೆಕ್ಕ ಹಾಕಲು ಬಿಡದೆ ಓಡಾಡುವ ಮಕ್ಕಳು. ರಾತ್ರಿ ಊಟಕ್ಕೆ ಕೂತಾಗ ನಮ್ಮವರು ನನ್ನ ಶಾಸನವನ್ನು ಅವರಿಗೆಲ್ಲ ವಿವರಿಸಿದರು. ಅಷ್ಟು ಗಂಭೀರವಾಗಿ ವಿವರಿಸಿದರೆಂದರೆ ನಾನೇ ಅರ್ಧ ನಂಬಿದೆ. ಬಿಸೋ ಮೆನಿಕೆ ಬೇಳೆಯ ಬೋಗುಣಿ ಹಿಡಿದು ನಿಂತೇ ಇದ್ದಳು, ಬಡಿಸುವುದನ್ನು ಮರೆತು.

ಬೆಳಿಗ್ಗೆ ಅವಳು ಒಳ್ಳೆಯ ಸೀರೆಯುಟ್ಟು, ಕೈಯಲ್ಲಿ ಚೀಲ ಹಿಡಿದು ಜಗಲಿಗೆ ಬಂದಳು.

"ನಿಮ್ಮ ಯಜಮಾನ್ರು, ಮಹತ್ತಯಾ, ರಾತ್ರಿ ಹೇಳಿದ್ದನ್ನೇ ಯೋಚ್ನೆ ಮಾಡ್ತಿದ್ದೆ. ಈ ಒಲೆ ನಂದಲ್ಲ. ನನ್ನ ಒಲೆ ವೆಲಿಮಡದಲ್ಲಿದೆ. ಪ್ರತಿ ಹೊಸ ವರ್ಷಕ್ಕೂ ಇಲ್ಲಿ ಬಂದೋರಿಗೆ ಬೇಯಿಸ್ತಾ ಕೂತು ಅದನ್ನ ಹೊತ್ತಿಸಿದ್ದೇ ಇಲ್ಲ. ಅಂದ್ಮೇಲೆ ನಾನು ಎಷ್ಟೋ ವರ್ಷದಿಂದ ನೊನಗತೆಯಲ್ಲೇ ಇದ್ದೀನಿ. ನಿಮಗೆಲ್ಲ ಬಡಿಸಿ ತಪ್ಪು ಮಾಡ್ಬಿಟ್ಟೆ."

"ಹಾಗಿದ್ರೆ ಬೇಗ ಹೋಗಮ್ಮ" ಎಂದರು ನಮ್ಮವರು, ಎದ್ದು ನಿಂತು. ಬಸ್ ನಿಲ್ದಾಣದವರೆಗೆ ಕಾರಿನಲ್ಲಿ ಬಿಟ್ಟೂ ಬಂದರು. ಅವಳು ಹೊರಡುವಾಗ ನನ್ನತ್ತ ಒಮ್ಮೆ ನೋಡಿದಳು. ನಾನು ಜಲಪಾತವನ್ನು ನೋಡಿದೆ.

ಹೊಸ ವರ್ಷದ ವಾರ. ಸುತ್ತ ಒಂದು ಅಂಗಡಿಯೂ ತೆರೆದಿರಲಿಲ್ಲ, ಚಹಾದಂಗಡಿಯವನೂ ಊರಿಗೆ ಹೋಗಿದ್ದ. ಹೊತ್ತೇರಿತು. ಮಕ್ಕಳು ಮೊದಲು ಕೇಳಿದವು, ಆಮೇಲೆ ಅತ್ತವು. ಎಲ್ಲರೂ ದಿಲ್ಹಾನಿಯನ್ನು ನೋಡಿದರು. ಅವಳು ಕಂಕುಳ ಕೂಸನ್ನು ಗಂಡನ ಕೈಗೆ ದಾಟಿಸಿ ನಿಧಾನವಾಗಿ ಕುರ್ಚಿಯಲ್ಲಿ ಕುಳಿತಳು.

"ನಾವೂ ರತ್ನಪುರದಲ್ಲಿ ಒಲೆ ಹೊತ್ತಿಸಿಲ್ಲ ಅಲ್ವಾ ಅಕ್ಕ?" ಎಂದು ನನ್ನನ್ನೇ ಕೇಳಿದಳು. ಅವಳ ಅತ್ತೆಯೂ ಪಕ್ಕದ ಕುರ್ಚಿ ಹಿಡಿದಳು. ಅವಳೂ ಯಾರದೋ ಸೊಸೆಯಾಗಿದ್ದವಳೇ.

ನನ್ನ ಶಾಸನದಲ್ಲಿ ಹೊರಗೆ ಹೋಗಲು ಬಾಗಿಲೇ ಇರಲಿಲ್ಲ. ಒಂದು ಮಗು ಬಂದು ನನ್ನ ಮಡಿಲಲ್ಲಿ ತಲೆಯಿಟ್ಟಿತು. ನಾನು ನಮ್ಮವರನ್ನು ಮೂಲೆಗೆ ಕರೆದೊಯ್ದು, ನೆಲ ನೋಡುತ್ತಾ, ಅಜ್ಜಿ ಹಾಗೆ ಹೇಳಿರಲಿಲ್ಲ, ನೊನಗತೆ ಎಲ್ಲರಿಗೂ ಮುಗಿದದ್ದೇ, ನಾನೇ ಕಟ್ಟಿದ ಸುಳ್ಳು ಎಂದು ಒಪ್ಪಿಕೊಂಡೆ. ಕಿವಿ ಕಾದ ಕಾವಲಿಯಾಗಿತ್ತು.

ಕಣ್ಣು ತುಂಬಿ ಬಂತು, ಅವರದು.

"ಸೀಲಾ, ಹಸಿದ ಮಕ್ಕಳನ್ನ ನೋಡಲಾರದೆ ದೋಷ ನೀನೊಬ್ಬಳೇ ಹೊತ್ಕೊಳ್ಳೋಕೆ ಹೊರಟಿದ್ದೀಯ. ಅದಕ್ಕೆ ಸುಳ್ಳು ಅಂತಿದ್ದೀಯ. ನಂಗೆ ಗೊತ್ತಾಗಲ್ವಾ?"

"ಇಲ್ಲ ರೀ, ನಿಜವಾಗ್ಲೂ ಸುಳ್ಳೇ."

"ನೋಡಿ" ಎಂದು ಅವರು ಎಲ್ಲರ ಕಡೆ ತಿರುಗಿದರು. "ಇನ್ನೂ ಹಾಗೇ ಹೇಳ್ತಿದ್ದಾಳೆ."

ದಿನಕ್ಕೆ ಮೂರು ಹೊತ್ತು, ಆ ಬಂಗಲೆಯ ಅಷ್ಟೂ ಜನಕ್ಕೆ ನಾನು ಬೇಯಿಸಿದೆ. ಅಡುಗೆಮನೆಗೆ ಜಲಪಾತದ ಕಡೆ ಕಿಟಕಿಯಿಲ್ಲ. ಸದ್ದು ಮಾತ್ರ ಗೋಡೆಯ ಮೂಲಕ ಬರುತ್ತದೆ. ಒಬ್ಬರೂ ಒಂದು ಈರುಳ್ಳಿ ಸುಲಿಯಲಿಲ್ಲ, ದೋಷ ತಟ್ಟೀತೆಂದು. ಆದರೆ ಬಾಗಿಲ ಬಳಿ ಬಂದು ಭಕ್ತಿಯಿಂದ ನೋಡಿ ಹೋಗುತ್ತಿದ್ದರು. ರತ್ನಪುರದ ಅತ್ತೆ ನನಗೆ ಕೈಮುಗಿದಳು. ನಾನು ಮತ್ತೊಮ್ಮೆ ನಿಜ ಹೇಳಿದೆ. ಅವಳು ಮತ್ತೊಮ್ಮೆ ಕೈಮುಗಿದಳು. ಬೈಸಿಕೊಂಡು ಹಗುರಾಗುವ ಅವಕಾಶವನ್ನೂ ಕಳೆದುಕೊಂಡು, ಪೂಜೆ ಮಾಡಿಸಿಕೊಳ್ಳುತ್ತಾ ತೆಂಗಿನಕಾಯಿ ತುರಿಯುವುದಿದೆಯಲ್ಲ, ಅಂಥ ನಾಚಿಕೆ ನನ್ನ ವೈರಿಗೂ ಬೇಡ.

ಮೂರನೆಯ ದಿನ ಬೆಳಿಗ್ಗೆ ತುರಿಮಣೆಯ ಮೇಲೆ ಕುಳಿತಿದ್ದಾಗ ಹಿಂಬಾಗಿಲಲ್ಲಿ ಬಿಸೋ ಮೆನಿಕೆ ಕಂಡಳು. ತಲೆತುಂಬ ಎಣ್ಣೆ, ಮುಖದಲ್ಲಿ ನಿದ್ದೆ ಮಾಡಿದ ಕಳೆ. ಕೈಯಲ್ಲಿ ಬಾಳೆಲೆ ಮುಚ್ಚಿದ ತಟ್ಟೆ: ಅವಳ ಸ್ವಂತ ಒಲೆಯ ಹಾಲನ್ನ, ಹಬ್ಬಕ್ಕೆ ಎಣ್ಣೆಯಲ್ಲಿ ಕರಿದ ಕವುಮ್, ಕೊಕಿಸ್. ತಟ್ಟೆಯನ್ನು ನನ್ನ ಮುಂದಿಟ್ಟು ಮಣೆ ಎಳೆದುಕೊಂಡು ಕೂತಳು. ಅವಳ ಹಾಲನ್ನ ನನ್ನದಕ್ಕಿಂತ ಚೆನ್ನಾಗಿತ್ತು. ಆ ಚಹಾಬಟ್ಟಲಿನ ಬಗ್ಗೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ, ಬಾಯಿತುಂಬ ಕವುಮ್ ಇತ್ತು.

ನೊನಗತೆಯ ವಿಷಯ ಸುಳ್ಳೆಂದು ಇವಳಿಗಾದರೂ ಹೇಳೋಣವೆಂದುಕೊಂಡೆ.

"ಗೊತ್ತು ನೋನಾ" ಎಂದಳು ಅವಳು, ಅಮ್ಮಾವ್ರೇ ಎನ್ನುವ ಮರ್ಯಾದೆ ಬಿಡದೆ, ನಾನು ಅರ್ಧ ಹೇಳುವ ಮೊದಲೇ. "ಬೇಳೆ ಬಡಿಸೋವಾಗ್ಲೇ ಗೊತ್ತಾಯ್ತು. ನಿಮ್ಮ ಮುಖ ನೋಡಿದೆನಲ್ಲ." ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮುಂದಿನ ತಿಂಗಳು ವೆಸಕ್ ಹಬ್ಬ ಬರುತ್ತೆ. ಆಗ ಇಲ್ಲಿ ಇನ್ನೂ ಜಾಸ್ತಿ ಜನ. ಅದಕ್ಕೂ ಇಂಥದ್ದೊಂದು ಏನಾದ್ರೂ ಇದೆಯಾ ನೋನಾ?"

ಜಗಲಿಯ ಕಡೆಯ ಬಾಗಿಲಲ್ಲಿ ಒರಗುಕುರ್ಚಿಯ ಬೆನ್ನು ಕಾಣುತ್ತಿತ್ತು. ಅದರಾಚೆಯಿಂದ ಒಂದು ತೋಳು ಹೆಗಲ ಮೇಲಿಂದ ಹಿಂದಕ್ಕೆ ಬಂತು, ತುದಿಯಲ್ಲಿ ಖಾಲಿ ಬಟ್ಟಲು. ಇಬ್ಬರೂ ಅದನ್ನು ನೋಡಿದೆವು. ಬಿಸೋ ಮೆನಿಕೆ ಕೂತಲ್ಲಿಂದ ಕದಲಲಿಲ್ಲ.

"ಇದೆ" ಎಂದೆ ನಾನು, ಬಟ್ಟಲು ತರಲು ಏಳುತ್ತಾ.